ದೊಡ್ಡ ಹೆಸರಿನ ಕಾಲೇಜೋ, ನಮ್ಮ ಮಗುವಿಗೆ ಸಲ್ಲುವ ಕಾಲೇಜೋ?

ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಭಾನುವಾರಗಳಲ್ಲಿ, ಪೂಜೆ ಮುಗಿದು ಜನ ದೇವಾಲಯದ ಅಂಗಳಕ್ಕೆ ಬಂದ ಕೂಡಲೇ ಒಂದೇ ಮಾತು: "ನಿಮ್ಮ ಹುಡುಗಿಗೆ ಎಲ್ಲಿ ಸೀಟು ಸಿಕ್ಕಿತು? ನಿಮ್ಮ ಹುಡುಗ ಎಲ್ಲಿಗೆ ಹೊರಟ?" ದಾಂಡೇಲಿ, ಹಳಿಯಾಳದ ಪೇಟೆಯಲ್ಲಾಗಲಿ, ಜೋಯಿಡಾ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಾಗಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಒಂದು ಕಾಲಕ್ಕೆ ಉತ್ತರ ಸುಲಭವಾಗಿತ್ತು. ಊರಿನ ಕಾಲೇಜು, ಅದಾಗದಿದ್ದರೆ ಧಾರವಾಡ. ಇಂದು ಹಾಗಿಲ್ಲ. 2022ರಿಂದ ಸಿ.ಯು.ಇ.ಟಿ. ಎಂಬ ಒಂದೇ ಪ್ರವೇಶ ಪರೀಕ್ಷೆ ಬರೆದು ನಮ್ಮ ಹಳ್ಳಿಯ ಮಗುವೂ ದೆಹಲಿ ವಿಶ್ವವಿದ್ಯಾಲಯದ ಬಾಗಿಲು ತಟ್ಟಬಹುದಾಗಿದೆ. ಬಾಗಿಲುಗಳು ಹೆಚ್ಚಾದವು, ಸಂತೋಷ. ಆದರೆ ಎರಡು ಬಾಗಿಲು ಒಟ್ಟಿಗೆ ತೆರೆದಾಗ ಯಾವುದನ್ನು ಹೊಗಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಗಳು ಇನ್ನೂ ಸಿದ್ಧವಾಗಿಲ್ಲ. ಈ ವಾರದ ಪಾಠ ಅದರ ಬಗ್ಗೆ.

ಒಂದು ಮನೆಯ ಮಾತು

ನಾನು ಬಲ್ಲ ಒಂದು ಕುಟುಂಬವಿದೆ. ಹೆಸರು ಬೇಡ. ತಂದೆ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿಯುವವರು. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳಿಗೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕಗಳು ಬಂದವು. ತಮ್ಮ ಒಂಬತ್ತನೇ ತರಗತಿ. ಹುಡುಗಿಗೆ ಮೂರು ಕಡೆ ಸೀಟು ಸಿಕ್ಕಿತು: ದೆಹಲಿಯ ಒಂದು ಹೆಸರುವಾಸಿ ಕಾಲೇಜು, ಬೆಂಗಳೂರಿನ ಒಂದು ಹಳೆಯ ಕಥೋಲಿಕ ಕಾಲೇಜು, ಮತ್ತು ಧಾರವಾಡ.

ಮನೆಗೆ ಬಂದ ಮಾವಶಿ, "ದಿಲ್ಲಿ ಯಾಕ ಬೇಕವ್ವಾ? ನರ್ಸಿಂಗ್ ಮಾಡಸ್ರಿ, ನಾಳೆ ಕೈಯಾಗ ಕೆಲಸ ಇರ್ತದ" ಎಂದರು. ಪಕ್ಕದ ಮನೆಯವರು, "ದಿಲ್ಲಿ ಸೀಟು ಬಿಡೂದಂದ್ರ ಲಕ್ಷ್ಮಿ ಬಂದಾಗ ಬಾಗಲ ಹಾಕಿಧಂಗ" ಎಂದರು. ತಂದೆ ನಾಲ್ಕು ದಿನ ಮಾತೇ ಆಡಲಿಲ್ಲ. ದುಡ್ಡಿನ ಚಿಂತೆ ಎಂದೇ ಎಲ್ಲರೂ ತಿಳಿದರು. ಐದನೆಯ ದಿನ ರಾತ್ರಿ, ಜಪಸರ ಮುಗಿದ ಮೇಲೆ, ಅವರು ಬಾಯಿಬಿಟ್ಟರು: "ದುಡ್ಡು ಹೆಂಗರೆ ಆಗ್ತದ. ನೀ ಅಲ್ಲಿ ಹೋದ ಮ್ಯಾಲ ಈ ಮನಿ ನಿನಗ ಸಣ್ಣದು ಕಾಣಸ್ತದ ಅಂತ ನನಗ ಅಂಜಿಕಿ."

ಮಗಳೂ ಆಗ ತನ್ನ ಮನಸ್ಸು ತೆರೆದಳು: "ಅಪ್ಪಾ, ದಿಲ್ಲಿ ಬೇಕು ಅನ್ನೂದ್ರಾಗ ಅರ್ಧ ಓದಿನ ಆಸೆ. ಇನ್ನರ್ಧ ಗೆಳತ್ಯಾರ ಮುಂದ ಹೇಳ್ಕೊಳ್ಳೋ ಆಸೆ. ಸುಳ್ಳು ಯಾಕ ಹೇಳಲಿ?"

ವಾಚಕರೇ, ಆ ಮನೆಯ ನಿರ್ಧಾರ ನಿಜವಾಗಿ ಆರಂಭವಾದದ್ದು ಆ ರಾತ್ರಿ. ಅದಕ್ಕೆ ಮೊದಲು ನಡೆದದ್ದು ಬರೀ ವಾದ. ಒಬ್ಬರು ಭಯವನ್ನು ಮುಚ್ಚಿಟ್ಟು, ಇನ್ನೊಬ್ಬರು ಹೆಮ್ಮೆಯನ್ನು ಮುಚ್ಚಿಟ್ಟು ಮಾತನಾಡಿದರೆ ಕಾಲೇಜಿನ ಆಯ್ಕೆ ಆಗುವುದಿಲ್ಲ. ಯಾರ ಹಟ ಗೆಲ್ಲುತ್ತದೆ ಎಂಬುದಷ್ಟೇ ತೀರ್ಮಾನವಾಗುತ್ತದೆ.

ದೊಡ್ಡ ವಿದ್ಯಾಲಯ ಎಂದರೆ ಯಾವುದು?

ಇದಕ್ಕೆ ಉತ್ತರ ಹುಡುಕಲು ಮುಂಡಗೋಡಕ್ಕೇ ಹೋಗೋಣ. ಟಿಬೆಟಿನಲ್ಲಿ ಗಾಂದೆನ್ ಎಂಬ ಮಹಾವಿಹಾರ 1409ರಲ್ಲಿ, ಡ್ರೆಪುಂಗ್ ಎಂಬುದು 1416ರಲ್ಲಿ ಸ್ಥಾಪನೆಯಾದವು. ಅವು ಸಾವಿರಾರು ಭಿಕ್ಷುಗಳು ಓದಿದ ವಿದ್ಯಾಕೇಂದ್ರಗಳು. 1959ರ ನಂತರ ಅಲ್ಲಿಂದ ಓಡಿಬಂದವರ ಕೈಯಲ್ಲಿ ಕಟ್ಟಡವಿರಲಿಲ್ಲ, ಹಣವಿರಲಿಲ್ಲ. 1966ರಲ್ಲಿ ಮುಂಡಗೋಡದಲ್ಲಿ ವಸತಿ ಸಿಕ್ಕ ಮೇಲೆ, ಕೆಲವೇ ವರ್ಷಗಳಲ್ಲಿ ಅವರು ಆ ಎರಡೂ ವಿಹಾರಗಳನ್ನು ಇಲ್ಲಿ ಮತ್ತೆ ಆರಂಭಿಸಿದರು. ಹಗಲು ಹೊಲದಲ್ಲಿ ದುಡಿದು ಪಾಠ ನಡೆಸಿದರು. ಇಂದೂ ಅಲ್ಲಿ ಒಬ್ಬ ಭಿಕ್ಷು ಉನ್ನತ ಪದವಿ ಪಡೆಯಲು ಹದಿನೈದು, ಇಪ್ಪತ್ತು ವರ್ಷ ಓದುತ್ತಾನೆ.

ನಮ್ಮ ವಿಶ್ವಾಸ ಬೇರೆ, ಅವರದು ಬೇರೆ. ಆದರೆ ಅನ್ಯ ಧರ್ಮಗಳಲ್ಲಿರುವ ಸತ್ಯವಾದುದನ್ನು, ಪವಿತ್ರವಾದುದನ್ನು ತಿರಸ್ಕರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸಾರಿತು. ಕ್ರೈಸ್ತ ಶಿಕ್ಷಣದ ಕುರಿತ ಅದರ ಘೋಷಣೆ ಹೊರಬಿದ್ದದ್ದೂ ಅದೇ ದಿನ. ಮುಂಡಗೋಡದ ಭಿಕ್ಷುಗಳು ನಮಗೆ ಕಲಿಸುವ ಪಾಠವಿದು: ವಿದ್ಯಾಲಯ ಎಂದರೆ ಕಲಿಸುವವರು, ಕಲಿಯುವವರು ಮತ್ತು ಅವರ ನಡುವಿನ ಶ್ರಮ. ಗೋಡೆ ಬಿದ್ದರೂ ಅದು ಉಳಿಯುತ್ತದೆ. ಆದ್ದರಿಂದ ಕಾಲೇಜನ್ನು ನೋಡಲು ಹೋದಾಗ ಮಹಾದ್ವಾರ ಎಷ್ಟು ಎತ್ತರವಿದೆ ಎಂದು ನೋಡುವುದಕ್ಕಿಂತ, ನನ್ನ ಮಗುವಿನ ವಿಷಯವನ್ನು ಯಾರು ಕಲಿಸುತ್ತಾರೆ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಹಿಂದೆ ಬಿದ್ದ ಮಗುವಿಗೆ ಕೈಹಿಡಿಯುವವರಿದ್ದಾರೆಯೇ ಎಂದು ವಿಚಾರಿಸಬೇಕು.

ಹೆಸರಾಂತ ವಿದ್ಯಾಲಯಗಳೆಲ್ಲ ಒಂದೇ ಬಗೆಯವೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಷ್ಟು ಹಳೆಯದು. 2011ರಿಂದ ಅದು ಪಿ.ಯು.ಸಿ. ಮುಗಿಸಿದವರಿಗೂ ನಾಲ್ಕು ವರ್ಷದ ಪದವಿ ನೀಡುತ್ತಿದೆ. ಆದರೆ ಅದು ಸಂಶೋಧನೆಯ ಕಡೆಗೆ ಒಲವಿರುವವರಿಗೆ ತಕ್ಕ ಓದು. ಧಾರವಾಡದಲ್ಲಿ 2016ರಲ್ಲಿ ಐ.ಐ.ಟಿ. ಆರಂಭವಾಯಿತು. ಯಂತ್ರ, ಗಣಿತದಲ್ಲಿ ಆಸಕ್ತಿ ಇರುವವರಿಗೆ ಅದು ನಮ್ಮ ಅಂಗಳದಲ್ಲೇ ಇದ್ದಂತೆ. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಆರಂಭವಾಗಿ 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಮಂಗಳೂರಿನ ಸಂತ ಅಲೋಶಿಯಸ್ 1880ರದ್ದು. ಅದಕ್ಕೆ 2024ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. 1963ರಲ್ಲಿ ಆರಂಭವಾದ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜು ವೈದ್ಯರಾದವರನ್ನು ಗ್ರಾಮೀಣ ಸೇವೆಗೆ ಕಳಿಸುವ ಸಂಪ್ರದಾಯ ಇಟ್ಟುಕೊಂಡಿದೆ. 1917ರ ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಂದವರು ಈ ನಾಡಿನ ನ್ಯಾಯಾಲಯ, ಶಾಲೆ, ಕಚೇರಿಗಳಲ್ಲೆಲ್ಲ ಇದ್ದಾರೆ. ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಉತ್ತರವಿಲ್ಲ. ಯಾವ ಮಗುವಿಗೆ, ಯಾವ ಓದಿಗೆ ಎಂದು ಕೇಳಿದರೆ ಉತ್ತರ ಉಂಟು.

ಪ್ಯಾರಿಸ್ಸಿನ ಇಬ್ಬರು ವಿದ್ಯಾರ್ಥಿಗಳು

ಪ್ರತಿ ವರ್ಷ ಡಿಸೆಂಬರ್ 3ರ ಹಬ್ಬಕ್ಕೆ ನಮ್ಮಲ್ಲಿ ಅನೇಕರು ಹಳೆ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ಮುಂದೆ ಮೊಣಕಾಲೂರುತ್ತಾರೆ. ಅವರು ವಿದ್ಯಾರ್ಥಿಯಾಗಿದ್ದಾಗ ಹೇಗಿದ್ದರೆಂದು ನೆನೆಯುವವರು ಕಡಿಮೆ. 1525ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲಕ್ಕೆ ಯುರೋಪಿನಲ್ಲಿ ಅದಕ್ಕಿಂತ ದೊಡ್ಡ ಹೆಸರು ಕಷ್ಟ. ಓದಿ, ಪದವಿ ಪಡೆದು, ದೊಡ್ಡ ಸ್ಥಾನ ಹಿಡಿಯಬೇಕೆಂಬುದು ಅವರ ಆಸೆ.

ಅದೇ ಪ್ಯಾರಿಸ್ಸಿಗೆ 1528ರಲ್ಲಿ ಇಗ್ನೇಷಿಯಸ್ ಲೊಯೋಲ ಬಂದರು. ವಯಸ್ಸು ಮೂವತ್ತೇಳರ ಆಸುಪಾಸು. ಎಳೆಯ ಹುಡುಗರ ಜೊತೆ ಕುಳಿತು ಲ್ಯಾಟಿನ್ ಕಲಿತರು. ನಂಬಿ ಕೊಟ್ಟಿದ್ದ ಹಣವನ್ನು ಜೊತೆಗಾರನೊಬ್ಬ ಖರ್ಚು ಮಾಡಿಬಿಟ್ಟ. ಬಾಡಿಗೆ ಕೊಡಲಾಗದೆ ದೂರದ ಒಂದು ಧರ್ಮಛತ್ರದಲ್ಲಿ ಇದ್ದರು. ಅದರ ಬಾಗಿಲು ತೆರೆಯುವ, ಮುಚ್ಚುವ ಹೊತ್ತಿಗೂ ಪಾಠದ ಹೊತ್ತಿಗೂ ಹೊಂದದೆ ಪಾಠಗಳು ತಪ್ಪುತ್ತಿದ್ದವು. ಕೊನೆಗೆ ರಜೆಯಲ್ಲಿ ಫ್ಲಾಂಡರ್ಸ್ ಪ್ರಾಂತ್ಯಕ್ಕೆ ಹೋಗಿ ವರ್ತಕರಲ್ಲಿ ಬೇಡಿ, ವರ್ಷದ ಖರ್ಚಿಗೆ ಹಣ ತಂದುಕೊಂಡರು. ಹಾಸ್ಟೆಲ್ ದೂರವಾದರೆ ಓದು ಹಾಳಾಗುತ್ತದೆ ಎಂಬುದನ್ನು ಅನುಭವಿಸಿ ತಿಳಿದ ಸಂತರು ಅವರು!

ಈ ಇಬ್ಬರೂ ಒಂದೇ ಕೋಣೆಯಲ್ಲಿ ವಾಸಿಸುವಂತಾಯಿತು. ಝೇವಿಯರರ ಬದುಕು ತಿರುಗಿದ್ದು ಆ ಕೋಣೆಯ ಗೆಳೆತನದಿಂದ. ಮುಂದೆ ಭಾರತಕ್ಕೆ ಬಂದ ಮೇಲೆ, 1544ರ ಜನವರಿಯಲ್ಲಿ, ಅವರು ಕೊಚ್ಚಿಯಿಂದ ಒಂದು ಪತ್ರ ಬರೆದರು. ಪ್ಯಾರಿಸ್ಸಿಗೆ ಮರಳಿ ಹೋಗಿ, ವಿದ್ಯೆ ಹೆಚ್ಚಿದ್ದು ಪ್ರೀತಿ ಕಡಿಮೆಯಿರುವ ಪಂಡಿತರ ಮುಂದೆ ಹುಚ್ಚನಂತೆ ಕೂಗಬೇಕೆನಿಸುತ್ತದೆ ಎಂಬುದು ಅದರ ಭಾವ. ಅವರು ವಿದ್ಯೆಯನ್ನು ಹಳಿಯಲಿಲ್ಲ. ಓದಿದವರು ಆ ಓದನ್ನು ಯಾರಿಗಾಗಿ ಬಳಸುತ್ತಾರೆ ಎಂದು ಕೇಳಿದರು. ಕಾಲೇಜು ಆರಿಸುವಾಗ ನಾವೂ ಎರಡು ಪ್ರಶ್ನೆ ಕೇಳೋಣ. ಅಲ್ಲಿ ನನ್ನ ಮಗುವಿಗೆ ಎಂಥ ಗೆಳೆಯರು ಸಿಗುತ್ತಾರೆ? ಅಲ್ಲಿಂದ ಹೊರಬರುವಾಗ ಅದು ಯಾರನ್ನು ನೆನೆಯುತ್ತದೆ?

ನಿರ್ಧರಿಸುವ ಬಗೆ

ಸಂತ ಇಗ್ನೇಷಿಯಸರು ಬರೆದ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥಕ್ಕೆ 1548ರಲ್ಲಿ ವಿಶ್ವಗುರುಗಳ ಒಪ್ಪಿಗೆ ದೊರೆಯಿತು. ಎರಡು ಒಳ್ಳೆಯ ದಾರಿಗಳ ನಡುವೆ ಒಂದನ್ನು ಆರಿಸುವ ಬಗೆಯನ್ನು ಅದು ಕಲಿಸುತ್ತದೆ. ನಮ್ಮ ಮನೆಗಳಿಗೆ ಹೊಂದುವಂತೆ ಅದನ್ನು ಹೀಗೆ ಹೇಳಬಹುದು.

ಮೊದಲನೆಯದು, ತಕ್ಕಡಿಯ ಮುಳ್ಳು ನಡುವೆ ನಿಲ್ಲಲಿ. "ಇದೇ ಬೇಕು" ಎಂದು ಮೊದಲೇ ಮನಸ್ಸು ಕಟ್ಟಿಕೊಂಡು ದೇವರ ಚಿತ್ತ ಕೇಳುವುದು ಪ್ರಾರ್ಥನೆಯಲ್ಲ. ಅರಸ ಸೊಲೊಮೋನನಿಗೆ ದೇವರು ಬೇಕಾದ್ದನ್ನು ಕೇಳು ಎಂದಾಗ ಅವನು ಐಶ್ವರ್ಯ ಕೇಳದೆ ವಿವೇಕ ಕೇಳಿದನು (1 ಅರಸರು 3). ಮನೆಯವರೆಲ್ಲ ಒಂದು ವಾರ ಆ ಅಧ್ಯಾಯ ಓದಿ, ಅದೇ ವಿವೇಕವನ್ನು ಬೇಡಲಿ.

ಎರಡನೆಯದು, ಕಾಗದದ ಮೇಲೆ ಬರೆಯಿರಿ. ಒಂದೊಂದು ಕಾಲೇಜಿಗೂ ಒಂದೊಂದು ಹಾಳೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ತಂದೆ, ತಾಯಿ, ಮಗು ಬೇರೆ ಬೇರೆ ಬರೆದು ನಂತರ ಹೋಲಿಸಿ ನೋಡಿ. ಬಾಯಲ್ಲಿ ಬಾರದ ಮಾತು ಕೆಲವೊಮ್ಮೆ ಕೈಯಲ್ಲಿ ಬರುತ್ತದೆ.

ಮೂರನೆಯದು, ಗುರುತೇ ಇಲ್ಲದ ಒಬ್ಬ ಹುಡುಗಿ ಇದೇ ಪ್ರಶ್ನೆ ಹೊತ್ತು ನಿಮ್ಮ ಬಳಿ ಬಂದಿದ್ದಾಳೆಂದು ಭಾವಿಸಿ. ಅವಳಿಗೆ ಏನು ಹೇಳುವಿರಿ? ನಿಮ್ಮ ಹೆಮ್ಮೆ, ನಿಮ್ಮ ಭಯ ಎರಡೂ ಅಲ್ಲಿ ಇರುವುದಿಲ್ಲ. ಆ ಸಲಹೆಯನ್ನೇ ನಿಮ್ಮ ಮನೆಗೆ ತನ್ನಿ.

ನಾಲ್ಕನೆಯದು, ನಿರ್ಧಾರವನ್ನು ದೇವರ ಮುಂದಿಟ್ಟು ಎರಡು ಮೂರು ದಿನ ಸುಮ್ಮನಿರಿ. ಮನಸ್ಸು ಶಾಂತವಾಗಿ ಉಳಿದರೆ ಮುಂದೆ ನಡೆಯಿರಿ. ಒಳಗೆ ಕಲಕುತ್ತಲೇ ಇದ್ದರೆ ಮತ್ತೊಮ್ಮೆ ನೋಡಿ.

ಲೆಕ್ಕವೂ ಪ್ರಾರ್ಥನೆಯ ಭಾಗ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂದು ಪ್ರಭು ಯೇಸುವೇ ಹೇಳಿದ್ದಾರೆ (ಲೂಕ 14:28). ನಮ್ಮವರು ಕಾಲೇಜಿನ ಫೀಯನ್ನಷ್ಟೇ ಎಣಿಸಿ ಎಡವುತ್ತಾರೆ. ಸರ್ಕಾರಿ ಹಣದಲ್ಲಿ ನಡೆಯುವ ದೂರದ ಕಾಲೇಜಿನ ಫೀ ಬೆಂಗಳೂರಿನ ಖಾಸಗಿ ಕಾಲೇಜಿಗಿಂತ ಕಡಿಮೆ ಇರಬಹುದು. ಆದರೆ ಹಾಸ್ಟೆಲ್ ಸಿಗದಿದ್ದರೆ ಹೊರಗಿನ ಬಾಡಿಗೆ ಕೋಣೆ, ಊಟ, ಓಡಾಟ ಸೇರಿ ಲೆಕ್ಕ ತಿರುಗಿಬೀಳುತ್ತದೆ. ಲೋಂಡಾದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೆ ಎರಡು ರಾತ್ರಿ. ಮಗುವಿಗೆ ಜ್ವರ ಬಂದರೆ ತಾಯಿ ಮುಟ್ಟುವುದು ಮೂರನೆಯ ದಿನ. ಇದನ್ನೂ ಹಾಳೆಯ ಮೇಲೆ ಬರೆಯಬೇಕು.

ವರ್ಷಗಳನ್ನೂ ಎಣಿಸಿ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ದೆಹಲಿಯಲ್ಲಿ ನಾಲ್ಕು ವರ್ಷದ ಪದವಿ ಇದೆ, ಮೂರಕ್ಕೆ ಮುಗಿಸಲೂ ಅವಕಾಶವಿದೆ. ಒಂದು ವರ್ಷ ಹೆಚ್ಚಾದರೆ ಒಂದು ವರ್ಷದ ಖರ್ಚೂ ಹೆಚ್ಚು.

ಸಾಲದ ಲೆಕ್ಕವನ್ನು ಮಗುವಿನ ಮುಂದೆಯೇ ಮಾಡಿ. ಆರು ಲಕ್ಷ ರೂಪಾಯಿ ಸಾಲ, ಬಡ್ಡಿ ನೂರಕ್ಕೆ 9, ಹತ್ತು ವರ್ಷದಲ್ಲಿ ತೀರಿಸುವುದು ಎಂದು ಹಿಡಿಯೋಣ. ತಿಂಗಳ ಕಂತು ಸುಮಾರು 7,600 ರೂಪಾಯಿ. ಒಟ್ಟು ಕಟ್ಟುವುದು ಒಂಬತ್ತು ಲಕ್ಷಕ್ಕೂ ಮೇಲೆ. ಓದುವ ವರ್ಷಗಳ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ಮೊದಲ ಸಂಬಳ ಇಪ್ಪತ್ತು ಸಾವಿರವಾದರೆ ಉಳಿಯುವುದೆಷ್ಟು? ಸಾಲ ಪಾಪವಲ್ಲ. ಆದರೆ ತಮ್ಮನ ಓದಿಗೆ ಇಟ್ಟ ಹಣವನ್ನೂ ಅಕ್ಕನ ಕಾಲೇಜಿನ ಹೆಸರಿಗೆ ಸುರಿಯುವ ಮೊದಲು ತಮ್ಮನನ್ನೂ ಕೂರಿಸಿ ಮಾತನಾಡುವುದು ನ್ಯಾಯ.

ಇರುವ ಸಹಾಯವನ್ನು ಕೇಳಲು ನಾಚಿಕೆ ಬೇಡ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ವಿದ್ಯಾಲಯಗಳಲ್ಲಿ ಸೀಟು ಪಡೆದವರಿಗೆ ಅಡವು, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವರ್ಷದ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ನೆರವು ಪಡೆಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ 3ರಷ್ಟು ರಿಯಾಯಿತಿಗೂ ಅವಕಾಶವಿದೆ. ಹಳಿಯಾಳ, ಮುಂಡಗೋಡದ ಸಿದ್ದಿ ಬಾಂಧವರಲ್ಲಿ ಹಲವರು ನಮ್ಮ ವಿಶ್ವಾಸದವರೇ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಐ.ಐ.ಟಿ.ಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ. ಆದರೆ ಪ್ರಮಾಣಪತ್ರ ಕೈಯಲ್ಲಿಲ್ಲದೆ ಸೀಟು ಕಳೆದುಕೊಳ್ಳುವವರಿದ್ದಾರೆ. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಫಲಿತಾಂಶ ಬರುವವರೆಗೆ ಕಾಯದೆ, ಪಿ.ಯು.ಸಿ. ಎರಡನೆಯ ವರ್ಷ ಆರಂಭವಾಗುವಾಗಲೇ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಡಿ.

ಕಥೋಲಿಕ ಕಾಲೇಜಿನ ಪ್ರಾಂಶುಪಾಲರ ಮುಂದೆ ಫೀ ರಿಯಾಯಿತಿ ಕೇಳುವುದೂ ಭಿಕ್ಷೆಯಲ್ಲ. ಬಡವರಾದರೂ ಪ್ರತಿಭೆಯುಳ್ಳ ವಿದ್ಯಾರ್ಥಿಗಳಿಗೆ ಕಥೋಲಿಕ ವಿಶ್ವವಿದ್ಯಾಲಯಗಳ ಬಾಗಿಲು ಸುಲಭವಾಗಿ ತೆರೆಯಬೇಕೆಂದು ಆ 1965ರ ಘೋಷಣೆಯೇ ಬಯಸುತ್ತದೆ. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಯರೇ ಎಂದೂ ಅದು ಹೇಳುತ್ತದೆ. ಮೊದಲ ಶಿಕ್ಷಕರು ಎರಡನೆಯ ಶಿಕ್ಷಕರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಹೋದ ಮೇಲೆ, ಮರಳಿ ಬಂದರೆ

ದಾಂಡೇಲಿಯ ಆ ಹುಡುಗಿಗೆ ದೆಹಲಿಯ ಕಾಲೇಜಿನ ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಬೆಂಗಳೂರಿನ ಕಾಲೇಜು ಫೀಯಲ್ಲಿ ರಿಯಾಯಿತಿ ಕೊಟ್ಟಿತು, ಧರ್ಮಭಗಿನಿಯರ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಮೂರು ಹಾಳೆಗಳನ್ನು ಮುಂದಿಟ್ಟುಕೊಂಡು ಮನೆಯವರು ಬೆಂಗಳೂರನ್ನು ಆರಿಸಿದರು. ದೆಹಲಿ ಬೇಕಾದರೆ ಸ್ನಾತಕೋತ್ತರಕ್ಕೆ ನೋಡೋಣ ಎಂದು ತಂದೆಯೇ ಹೇಳಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳಲ್ಲಿ ಮಗಳು ಫೋನಿನಲ್ಲಿ ಅತ್ತಳು. ತರಗತಿಯ ಇಂಗ್ಲಿಷ್ ಹಿಡಿಯುವುದಿಲ್ಲ, ಮೊದಲ ಪರೀಕ್ಷೆಯಲ್ಲಿ ಅಂಕ ಕುಸಿದಿದೆ, ವಾಪಸು ಬರುತ್ತೇನೆ ಎಂದಳು. ಮನಸ್ಸು ಕತ್ತಲಾದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂದು ಇಗ್ನೇಷಿಯಸರು ಕಲಿಸುತ್ತಾರೆ. ತಾಯಿಗೆ ಆ ಪುಸ್ತಕ ಗೊತ್ತಿಲ್ಲ. ಆದರೂ ಅದೇ ಮಾತು ಹೇಳಿದರು: "ಈಗ ಅಳೂ ಹೊತ್ತಿನ್ಯಾಗ ಏನೂ ನಿರ್ಧಾರ ಮಾಡಬ್ಯಾಡ. ಕ್ರಿಸ್ಮಸ್ಸಿಗೆ ಮನಿಗೆ ಬಾ, ಕುಂತು ಮಾತಾಡೋಣು." ಕ್ರಿಸ್ಮಸ್ಸಿಗೆ ಬಂದಳು, ಮಾತಾಡಿದರು, ಜನವರಿಯಲ್ಲಿ ತಾನೇ ಚೀಲ ಕಟ್ಟಿಕೊಂಡು ಹೊರಟಳು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಹಳಿಯಾಳದ ಕಡೆಯ ಒಬ್ಬ ಹುಡುಗ ದೂರದ ಹೆಸರಾಂತ ಕಾಲೇಜಿಗೆ ಹೋದವನು ಆರು ತಿಂಗಳಲ್ಲಿ ಮರಳಿ ಬಂದ. ಹೋಗುವಾಗ ಅವನಿಗೆ ಪೂಜೆಯಲ್ಲಿ ಹೂವು ಕೊಟ್ಟು ಚಪ್ಪಾಳೆ ತಟ್ಟಿದ್ದ ನಾವು, ಬಂದಾಗ "ಯಾಕ ಬಂದ್ಯೋ?" ಎಂದು ಕೇಳಿದೆವು. ಅವನು ಎಷ್ಟೋ ಭಾನುವಾರ ದೇವಾಲಯಕ್ಕೇ ಬರಲಿಲ್ಲ. ತಪ್ಪು ಯಾರದು? ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಈಗ ಅವನು ಮನೆಯ ಹತ್ತಿರದ ಕಾಲೇಜಿನಲ್ಲಿ ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ.

ಸಂತ ಜಾನ್ ಹೆನ್ರಿ ನ್ಯೂಮನರನ್ನು ನೆನೆಯೋಣ. ಆಕ್ಸ್‌ಫರ್ಡಿನಂಥ ವಿಶ್ವವಿದ್ಯಾಲಯದಲ್ಲಿ ಓದಿ, 1820ರ ಕೊನೆಯ ಪರೀಕ್ಷೆಯಲ್ಲಿ ಅತಿಯಾದ ಓದಿನ ದಣಿವಿನಿಂದ ಕುಸಿದು, ಎಲ್ಲರ ನಿರೀಕ್ಷೆ ಸುಳ್ಳು ಮಾಡಿದರು. ಎರಡೇ ವರ್ಷದಲ್ಲಿ ಅದೇ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು ಅವರನ್ನು ಬೋಧಕವರ್ಗಕ್ಕೆ ಆರಿಸಿಕೊಂಡಿತು. 2025ರ ನವೆಂಬರ್ 1ರಂದು ವಿಶ್ವಗುರು ಹದಿನಾಲ್ಕನೆಯ ಲಿಯೋ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸಂತ ಥಾಮಸ್ ಅಕ್ವಿನಾಸರ ಜೊತೆಗೆ ಕಥೋಲಿಕ ಶಿಕ್ಷಣದ ಪಾಲಕ ಸಂತರೂ ಇಂದು ಅವರೇ. ಒಂದು ಅಂಕಪಟ್ಟಿಯಿಂದ ಒಬ್ಬ ಮನುಷ್ಯನ ಬೆಲೆ ಕಟ್ಟಲಾಗದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸೂಪಾ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ರಾಮನಗರಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಊರು ಬಿಡುವುದೆಂದರೇನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ನಮ್ಮ ಮಕ್ಕಳು ದೂರ ಹೋಗಲಿ, ದೊಡ್ಡ ವಿದ್ಯೆ ಕಲಿಯಲಿ. ಗೆದ್ದು ಬಂದರೂ ಸೋತು ಬಂದರೂ ಅವರಿಗೆ ತೆರೆದ ಬಾಗಿಲು ಒಂದಿದೆ ಎಂಬ ಭರವಸೆಯನ್ನು ಹೊರಡುವ ದಿನವೇ ಬಾಯಿಬಿಟ್ಟು ಹೇಳಿ ಕಳಿಸೋಣ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕಾಲೇಜಿನ ಮಾತು ಬಂದಾಗ ಯಾರು ಹೆಚ್ಚು ಮಾತನಾಡುತ್ತಾರೆ? ಯಾರ ಮಾತು ಕೇಳದೆ ಉಳಿದಿದೆ?
2. ಈ ಕಾಲೇಜು ಬೇಕು ಎನ್ನುವುದರಲ್ಲಿ ಓದಿನ ಆಸೆ ಎಷ್ಟು, ಹೇಳಿಕೊಳ್ಳುವ ಆಸೆ ಎಷ್ಟು?
3. ಹಾಸ್ಟೆಲ್, ಊಟ, ಪ್ರಯಾಣ, ಬಡ್ಡಿ ಸೇರಿಸಿ ಪೂರ್ತಿ ಲೆಕ್ಕ ಬರೆದಿದ್ದೇವೆಯೇ?
4. ನಮ್ಮ ಧರ್ಮಕೇಂದ್ರದಲ್ಲಿ ಓದು ಬಿಟ್ಟು ಮರಳಿ ಬಂದ ಮಗು ಯಾರಾದರೂ ಇದ್ದಾರೆಯೇ? ಈ ವಾರ ಅವರ ಮನೆಗೆ ಹೋಗಬಹುದೇ?

ಪ್ರಾರ್ಥನೆ

ಸರ್ವಜ್ಞಾನದ ಒಡೆಯರಾದ ದೇವರೇ, ನಮ್ಮ ಮಕ್ಕಳಿಗೆ ನೀವು ಕೊಟ್ಟ ಬುದ್ಧಿಗಾಗಿ ವಂದನೆಗಳು. ಅವರ ದಾರಿಯನ್ನು ಆರಿಸುವಾಗ ನಮ್ಮ ಭಯವನ್ನೂ ಹೆಮ್ಮೆಯನ್ನೂ ಬದಿಗಿಡಲು ಕಲಿಸಿರಿ. ದೂರ ಹೋದವರನ್ನು ಕಾಯಿರಿ, ಮರಳಿ ಬಂದವರನ್ನು ಅಪ್ಪಿಕೊಳ್ಳುವ ಮನಸ್ಸನ್ನು ನಮಗೆ ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.